ಅವರನ್ನ ಅವರ ಹೆಸರಿಂದಲೇ ಕರೀರಿ: ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಲೋಕಸಭೆಲಿ ನೀವು 28 ಜನ ಇದೀರ, ರಾಜ್ಯಸಭೆಲಿ 12 ಜನ. ಯಾವ ಪಾರ್ಟಿ ಅಂತ ನೋಡ್ದೆ ನಲವತ್ತು ಜನಕ್ಕೂ ಸೇರಿಸಿ ಬರೀತಿದೀನಿ. ನಾನು ತುಮಕೂರು ಜಿಲ್ಲೆಲಿ ಸರ್ಕಾರಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನದ ಪಾಠ ಮಾಡಿ ರಿಟೈರ್ ಆದೋಳು, ಈಗ ಬೆಂಗಳೂರಲ್ಲಿ ಮಗಳ ಮನೇಲಿದೀನಿ. ರಾಜಕೀಯದ ಪತ್ರ ಇದುವರೆಗೂ ಒಂದೂ ಬರೆದಿರ್ಲಿಲ್ಲ.

ನಮ್ಮ ಬೀದಿಗೆ ವಾರಕ್ಕೆರಡು ದಿನ ಒಬ್ರು ತಳ್ಳೋ ಗಾಡಿ ತಗೊಂಡು ಬರ್ತಾರೆ, ರಟ್ಟು, ಹಳೇ ಪೇಪರು, ಪ್ಲಾಸ್ಟಿಕ್ ಬಾಟ್ಲಿ ತೂಕ ಹಾಕಿಸ್ಕೊಂಡು ಗುಜರಿಗೆ ಹಾಕ್ತಾರೆ. ಮೊದಲ್ನೇ ಸಲ ಯಾವೂರಪ್ಪ ಅಂತ ಕೇಳ್ದಾಗ ಅಸ್ಸಾಂ ಅಂದ್ರು. ಆರು ತಿಂಗಳಾದ್ಮೇಲೆ ಬರ್ಮಾ (ಈಗ ಮ್ಯಾನ್ಮಾರ್ ಅಂತಾರಲ್ಲ, ಅದು) ಅಂದ್ರು. ಹೆಚ್ಚುಕಮ್ಮಿ ಒಂದು ವರ್ಷ ಆದ್ಮೇಲೆ, ಒಂದಿನ ಮಳೆ ಬರ್ತಿತ್ತು ಅಂತ ಗೇಟ್ ಒಳಗೆ ಕೂರಿಸಿ ಕಾಫಿ ಕೊಟ್ಟಿದ್ದೆ, ಆವಾಗ ಹಿಂದೀಲಿ ತಮಗೆ ಬರೋ ಅಷ್ಟು ಕನ್ನಡ ಸೇರಿಸಿ ಮೆಲ್ಲಗೆ ಹೇಳಿದ್ರು, ಅಮ್ಮಾ ನಾವು ರೋಹಿಂಗ್ಯಾ, ಯಾರ್ಗೂ ಹೇಳ್ಬೇಡಿ ಅಂತ. ಅವರು ಯಾವ ಊರವರು ಅನ್ನೋದಕ್ಕಿಂತ, ಸ್ವಂತ ಜನದ ಹೆಸರು ಹೇಳೋಕೆ ಒಂದು ವರ್ಷ ಬೇಕಾಯ್ತಲ್ಲ, ಅದೇ ನನ್ನ ಮನಸ್ಸಲ್ಲಿ ಉಳ್ಕೊಂಡ್ಬಿಡ್ತು. ಊರು ಬರ್ಮಾದ ಮಾಂಗ್‌ಡಾ ತಾಲ್ಲೂಕಂತೆ. ಅಲ್ಲಿ ಆ ಹೆಸರು ಹೇಳಿದ್ರೆ ಪೊಲೀಸ್ನೋರು ಹೊಡೀತಿದ್ರು, ಇಲ್ಲಿ ಹೇಳಿದ್ರೆ ಟಿವಿಯೋರು ಬರ್ತಾರೆ ಅಂದ್ರು.

ಆ ಹೆಸರನ್ನ ನಾನು ಅದಕ್ಕೂ ಮುಂಚೆ ಒಂದ್ಕಡೆ ಓದಿದ್ದೆ. ನಮ್ಮ ಕಡೆ ಇತಿಹಾಸ ಓದಿದೋರಿಗೆ ಫ್ರಾನ್ಸಿಸ್ ಬುಕಾನನ್ ಗೊತ್ತಿರೋರೇ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಹೇಳಿದ ಅಂತ ಮದ್ರಾಸಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಎಲ್ಲ ಸುತ್ತಿ, ಯಾವ ಊರಲ್ಲಿ ಏನು ಬೆಳೀತಾರೆ, ಯಾವ ಜಾತಿಯೋರು ಇದಾರೆ, ಕೆರೆ ಹೇಗಿದೆ ಅಂತೆಲ್ಲ ಬರೆದಿಟ್ಟ ಡಾಕ್ಟರು. ನಮ್ಮ ಗುಬ್ಬಿ ಸಂತೆ ಬಗ್ಗೆನೂ ಬರೆದಿದಾನೆ, ನಾನು ಅದನ್ನ ಮಕ್ಕಳಿಗೆ ಓದಿ ಹೇಳ್ತಿದ್ದೆ. ಎಷ್ಟೋ ಊರಿನ ಚರಿತ್ರೆ ಬರೆಯೋರು ಇವತ್ತಿಗೂ ಅವನ ಸಾಕ್ಷಿನೇ ಕೊಡ್ತಾರೆ. ಇದೇ ಬುಕಾನನ್ ನಮ್ಮಲ್ಲಿಗೆ ಬರೋ ಐದು ವರ್ಷ ಮುಂಚೆ, 1795ರಲ್ಲಿ, ಕಂಪನಿ ರಾಯಭಾರಿ ಜೊತೆ ಬರ್ಮಾಕ್ಕೆ ಹೋಗಿದ್ದ. ಅಲ್ಲಿನ ಭಾಷೆಗಳ ಪದಪಟ್ಟಿ ಒಂದನ್ನ ಮಾಡಿ 1799ರಲ್ಲಿ ಪ್ರಕಟಿಸಿದ. ಅದ್ರಲ್ಲಿ ಅರಕಾನ್‌ನಲ್ಲಿ (ಬರ್ಮಾದ ಈಗಿನ ರಖೈನ್ ಪ್ರಾಂತ್ಯ) ಬಹಳ ಕಾಲದಿಂದ ನೆಲೆಸಿರೋ ಮುಸ್ಲಿಮರು ತಮ್ಮನ್ನ ತಾವು 'ರೂಯಿಂಗಾ' ಅಂತ ಕರ್ಕೋತಾರೆ, ಹಾಗಂದ್ರೆ ಅರಕಾನ್‌ನವರು ಅಂತ, ಹೀಗೆ ಬರೆದಿದಾನೆ.

ಈ 1799 ಅನ್ನೋ ಇಸವಿ ದಯವಿಟ್ಟು ನೆನಪಿಟ್ಕೊಳ್ಳಿ. ಯಾಕಂದ್ರೆ ಬರ್ಮಾ ಸರ್ಕಾರ 1982ರಲ್ಲಿ ಒಂದು ಪೌರತ್ವ ಕಾನೂನು ಮಾಡ್ತು. 1823ಕ್ಕಿಂತ ಮುಂಚೆ, ಅಂದ್ರೆ ಇಂಗ್ಲಿಷ್ನೋರು ಬರೋದಕ್ಕೆ ಮುಂಚೆ, ಬರ್ಮಾದಲ್ಲಿ ನೆಲೆಸಿದ್ದ ಜನಾಂಗಗಳಿಗೆ ಮಾತ್ರ ಹುಟ್ಟಿನಿಂದ ಪೂರ್ತಿ ಪೌರತ್ವ ಅಂತ ಅದ್ರಲ್ಲಿ ಬರೆದ್ರು. ಆಮೇಲೆ 135 ಜನಾಂಗಗಳ ಪಟ್ಟಿ ಬಂತು, ರೋಹಿಂಗ್ಯಾ ಅನ್ನೋ ಹೆಸರು ಅದ್ರಲ್ಲಿ ಇಲ್ಲ. ನೀವು ಬಂಗಾಳಿಗಳು, ಬ್ರಿಟಿಷರ ಕಾಲದಲ್ಲಿ ಕೂಲಿಗೆ ಬಂದೋರು ಅಂದ್ರು. ಬ್ರಿಟಿಷರ ಕಾಲದಲ್ಲಿ ಚಿತ್ತಗಾಂಗ್ ಕಡೆಯಿಂದ ಜನ ಗದ್ದೆ ಕೆಲಸಕ್ಕೆ ಹೋಗಿದ್ದು ನಿಜ, ನಾನು ಸುಳ್ಳು ಹೇಳಲ್ಲ. ಆದ್ರೆ ಬ್ರಿಟಿಷರು ಅರಕಾನ್ ತಗೊಳ್ಳೋಕೆ 25 ವರ್ಷ ಮುಂಚೇನೇ ಆ ಹೆಸರಿನ ಜನ ಅಲ್ಲಿದ್ರು ಅನ್ನೋದಕ್ಕೆ ಅಚ್ಚಾದ ಕಾಗದ ಇದ್ಯಲ್ಲ. ನಮ್ಮ ಗುಬ್ಬಿ ಸಂತೆಗೆ ಬುಕಾನನ್ ಸಾಕ್ಷಿ ಆಗ್ತಾನೆ ಅಂದ್ರೆ ಅವರಿಗೂ ಆಗ್ಬೇಕಲ್ವಾ. ಅಷ್ಟೇ ಅಲ್ಲ, 1784ಕ್ಕೆ ಮುಂಚೆ ಅರಕಾನ್ ಅನ್ನೋದು ಬರ್ಮಾಕ್ಕೆ ಸೇರೇ ಇರ್ಲಿಲ್ಲ, ಮ್ರಾವು ಊ ರಾಜಧಾನಿಯ ಸ್ವತಂತ್ರ ರಾಜ್ಯ ಅದು, ಬೌದ್ಧ ರಾಜರ ಆಸ್ಥಾನದಲ್ಲೇ 17ನೇ ಶತಮಾನದಲ್ಲಿ ಆಲಾವೊಲ್ ಅನ್ನೋ ಮುಸ್ಲಿಂ ಕವಿ ಬಂಗಾಳಿ ಕಾವ್ಯ ಬರೀತಿದ್ದ. ಸ್ವಾತಂತ್ರ್ಯ ಬಂದ ಮೇಲೂ, ಊ ನು ಪ್ರಧಾನಿ ಆಗಿದ್ದಾಗ ಸರ್ಕಾರಿ ರೇಡಿಯೋದಲ್ಲಿ ರೋಹಿಂಗ್ಯಾ ಭಾಷೆಲಿ ಕಾರ್ಯಕ್ರಮ ಶುರುವಾಗಿತ್ತು. 1962ರಲ್ಲಿ ಸೈನ್ಯ ಅಧಿಕಾರ ಹಿಡೀತು, ಆಮೇಲೆ ಒಂದೊಂದಾಗಿ ಎಲ್ಲ ಮುಚ್ಚಿತು.

ಕಾಗದದ ಕೆಲಸ ಹೇಗೆ ನಡೀತು ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಗುಂಡು ಬೆಂಕಿಗಿಂತ ಮುಂಚೆ ಬಂದಿದ್ದು ಕಾಗದ. ಮೊದಲು ಎಲ್ರ ಥರ ಅವರಿಗೂ ನೋಂದಣಿ ಕಾರ್ಡ್ ಇತ್ತು. 1989ರ ಸುಮಾರಿಗೆ ಹೊಸ ಕಾರ್ಡ್ ಕೊಡ್ತೀವಿ ಅಂತ ಹಳೇದನ್ನ ವಾಪಸ್ ಇಸ್ಕೊಂಡ್ರು, ಹೊಸದು ಕೊಡ್ಲೇ ಇಲ್ಲ. 1995ರಿಂದ ಬಿಳಿ ಕಾರ್ಡ್ ಅಂತ ತಾತ್ಕಾಲಿಕದ್ದು ಒಂದು ಕೊಟ್ರು, ಅದನ್ನಿಟ್ಕೊಂಡು 2010ರ ಚುನಾವಣೆಲಿ ಓಟೂ ಹಾಕಿದ್ರು. 2015ರಲ್ಲಿ ಆ ಬಿಳಿ ಕಾರ್ಡೂ ರದ್ದು, ಓಟೂ ಇಲ್ಲ. ಮಧ್ಯದಲ್ಲಿ 2014ರ ಜನಗಣತಿ ಬಂತು, ರೋಹಿಂಗ್ಯಾ ಅಂತ ಬರೆಸ್ತೀವಿ ಅಂದೋರ ಮನೆಯಿಂದ ಗಣತಿಯೋರು ಏನೂ ಬರ್ಕೊಳ್ದೆ ಎದ್ದು ಹೋದ್ರು, ಹಾಗೆ ಲೆಕ್ಕಕ್ಕೇ ಸಿಗದೆ ಉಳಿದೋರು ಹತ್ತು ಲಕ್ಷಕ್ಕೂ ಜಾಸ್ತಿ. ನಾನೂ ಟೀಚರಾಗಿ ಜನಗಣತಿ ಡ್ಯೂಟಿ ಮಾಡಿದೋಳು. ಬಿಸಿಲಲ್ಲಿ ಮನೆ ಮನೆ ತಿರುಗಿದೀನಿ, ಗುಡಿಸಲಲ್ಲಿದ್ದ ಅಜ್ಜಿಯನ್ನೂ ಬಿಡ್ದೆ ಬರ್ಕೊಂಡಿದೀನಿ. ಹೆಸರು ಹೇಳಿದ್ರು ಅನ್ನೋ ಕಾರಣಕ್ಕೆ ಬರೀದೆ ಎದ್ದು ಬರೋದು ಅಂದ್ರೆ ನನಗೆ ಊಹೆ ಮಾಡೋಕೂ ಆಗಲ್ಲ.

ಪಕ್ಕದ ತಾಲ್ಲೂಕಿಗೆ ಹೋಗೋಕೆ ಪರ್ಮಿಟ್ಟು. ಮದುವೆ ಆಗೋಕೆ ಪರ್ಮಿಷನ್ನು, ಅದಕ್ಕೆ ಲಂಚ. ಮಾಂಗ್‌ಡಾ, ಬುಥಿಡಾಂಗ್‌ನಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳು ಮಾಡ್ಕೊಳ್ಳೋ ಹಾಗಿಲ್ಲ ಅಂತ ಆರ್ಡರ್. ಮನೆಯೋರನ್ನೆಲ್ಲ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಕುಟುಂಬ ಪಟ್ಟಿ ಚೆಕ್ ಮಾಡ್ತಿದ್ರಂತೆ, ಆವತ್ತು ಮನೇಲಿ ಇಲ್ದೋರ ಹೆಸರು ಹೊಡೆದು ಹಾಕೋದು. ಗುಜರಿ ಗಾಡಿಯೋರು ತಮ್ಮ ತಾತನ ಹಳೇ ಕಾರ್ಡಿನ ಜೆರಾಕ್ಸ್ ಒಂದನ್ನ ಲ್ಯಾಮಿನೇಷನ್ ಮಾಡಿಸಿ ಇಟ್ಕೊಂಡಿದಾರೆ, ಮಡಿಚಿ ಮಡಿಚಿ ಅಕ್ಷರ ಎಲ್ಲ ಹೋಗಿದೆ. ಮುಖ ಮಾತ್ರ ಕಾಣುತ್ತೆ.

ಜನರನ್ನ ಓಡಿಸಿದ್ದೂ ಒಂದೇ ಸಲ ಅಲ್ಲ. 1978ರಲ್ಲಿ ನಾಗಾಮಿನ್ ಅನ್ನೋ ಕಾರ್ಯಾಚರಣೆ, ಎರಡು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ. 1991-92ರಲ್ಲಿ ಮತ್ತೆ ಎರಡೂವರೆ ಲಕ್ಷ. 2012ರಲ್ಲಿ ಗಲಭೆ ಆಗಿ ಸುಮಾರು 1.4 ಲಕ್ಷ ಜನ ರಖೈನ್‌ನ ಸಿಟ್ವೆ ಪಟ್ಟಣದ ಸುತ್ತಮುತ್ತ ಕ್ಯಾಂಪಿಗೆ, ಅದ್ರಲ್ಲಿ ಬಹಳ ಜನ ಇವತ್ತಿಗೂ ಅಲ್ಲೇ ಇದಾರೆ, ಹೊರಗೆ ಕಾವಲು. ಆಮೇಲೆ 2017ರ ಆಗಸ್ಟ್ 25. ಆವತ್ತು ಆರ್ಸಾ ಅನ್ನೋ ರೋಹಿಂಗ್ಯಾ ಉಗ್ರರ ಗುಂಪು ಸುಮಾರು 30 ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿ ಹನ್ನೆರಡು ಜನ ಭದ್ರತಾ ಸಿಬ್ಬಂದಿನ ಕೊಂದ್ರು. ಇದೇ ಗುಂಪಿನೋರು ಖ ಮೌಂಗ್ ಸೇಕ್ ಅನ್ನೋ ಕಡೆ ಹಿಂದೂ ಹಳ್ಳಿಯೋರನ್ನ, ಹೆಂಗಸರು ಮಕ್ಕಳು ಅನ್ನದೆ ಕೊಂದ್ರು ಅಂತ ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ತನಿಖೆ ಮಾಡಿ ಹೇಳಿದೆ. ಇದನ್ನ ಬಿಟ್ಟು ಬರೆದ್ರೆ ನನ್ನ ಪತ್ರಕ್ಕೆ ಬೆಲೆ ಇರಲ್ಲ. ಆ ಸತ್ತೋರ ಮನೆಯೋರಿಗೂ ನ್ಯಾಯ ಸಿಗ್ಬೇಕು, ಆ ಪಾಪ ಮಾಡಿದೋರಿಗೆ ಶಿಕ್ಷೆ ಆಗ್ಲೇಬೇಕು.

ಆದ್ರೆ ಅದಾದ ಮೇಲೆ ಸೈನ್ಯ ಮಾಡಿದ್ದು ಏನು? ಗಡಿರಹಿತ ವೈದ್ಯರು ಅಂತಾರಲ್ಲ, ಆ ಸಂಸ್ಥೆ ಕ್ಯಾಂಪುಗಳಲ್ಲಿ ಸರ್ವೆ ಮಾಡಿ ಲೆಕ್ಕ ಕೊಟ್ರು, ಮೊದಲ ಒಂದೇ ತಿಂಗಳಲ್ಲಿ ಕಮ್ಮಿ ಅಂದ್ರೂ 6,700 ಜನ ಹಿಂಸೆಯಿಂದ ಸತ್ತಿದಾರೆ, ಅದ್ರಲ್ಲಿ ಐದು ವರ್ಷದೊಳಗಿನ ಮಕ್ಕಳೇ 730. ತುಲಾ ತೋಲಿ ಅನ್ನೋ ಹಳ್ಳಿಲಿ ಮೂರು ಕಡೆ ನದಿ, ಓಡಿಹೋಗೋಕೆ ದಾರಿ ಇಲ್ಲ, ಜನರನ್ನ ಮರಳ ದಂಡೆ ಮೇಲೆ ಕೂರಿಸಿ ಗಂಡಸರನ್ನ ಕೊಂದು ಹೆಂಗಸರನ್ನ ಮನೆಗಳಿಗೆ ಎಳ್ಕೊಂಡು ಹೋದ್ರು. ಇನ್ ದಿನ್ ಅನ್ನೋ ಹಳ್ಳಿಲಿ ಹತ್ತು ಜನರನ್ನ ಕೈ ಕಟ್ಟಿ ಮಂಡಿಯೂರಿಸಿ ಫೋಟೋ ತೆಗೆದು ಆಮೇಲೆ ಕೊಂದು ಒಂದೇ ಗುಂಡಿಗೆ ಹಾಕಿದ್ರು. ಅದನ್ನ ಹೊರಗೆ ತಂದಿದ್ದು ರಾಯ್ಟರ್ಸ್‌ನ ಇಬ್ರು ಬರ್ಮೀಸ್ ವರದಿಗಾರರು, ವಾ ಲೋನ್ ಮತ್ತೆ ಚ್ಯಾವ್ ಸೋ ಊ. ಕೊಂದ ಸೈನಿಕರಿಗೆ ಹತ್ತು ವರ್ಷ ಶಿಕ್ಷೆ ಅಂದ್ರು, ಒಂದು ವರ್ಷ ತುಂಬೋದ್ರೊಳಗೆ ಬಿಟ್ಟು ಕಳಿಸಿದ್ರು. ಸುದ್ದಿ ಮಾಡಿದ ಆ ಇಬ್ರು ಹದಿನಾರು ತಿಂಗಳಿಗೂ ಹೆಚ್ಚು ಜೈಲಲ್ಲಿದ್ರು. ಈ ವಿಷಯ ನಾನು ಮೂರು ಸಲ ಓದಿ ಖಾತ್ರಿ ಮಾಡ್ಕೊಂಡೆ.

ಏಳು ಲಕ್ಷಕ್ಕೂ ಹೆಚ್ಚು ಜನ ಗಡಿಯ ನಾಫ್ ನದಿ ದಾಟಿದ್ರು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನ ಕುಟುಪಾಲಾಂಗ್ ಗುಡ್ಡಗಳಲ್ಲಿ ಕಾಡು ಕಡಿದು ಬಿದಿರು ಟಾರ್ಪಾಲ್‌ನಲ್ಲಿ ಜೋಪಡಿ ಕಟ್ಕೊಂಡ್ರು. ಹಳಬರು ಹೊಸಬರು ಸೇರಿ ಈಗ ಹತ್ತು ಲಕ್ಷದ ಮೇಲಿದಾರೆ, ಸುತ್ತ ಮುಳ್ಳುತಂತಿ, ಹೊರಗೆ ದುಡಿಯೋ ಹಾಗಿಲ್ಲ, ಗಟ್ಟಿ ಗೋಡೆ ಕಟ್ಟೋ ಹಾಗಿಲ್ಲ. 2023ರಲ್ಲಿ ವಿಶ್ವಸಂಸ್ಥೆ ಹತ್ರ ದುಡ್ಡಿಲ್ಲ ಅಂತ ಒಬ್ಬರಿಗೆ ತಿಂಗಳಿಗೆ 12 ಡಾಲರ್ ಇದ್ದ ರೇಷನ್ ಮೊದಲು 10ಕ್ಕೆ, ಆಮೇಲೆ 8ಕ್ಕೆ ಇಳಿಸಿದ್ರು. 8 ಡಾಲರ್ ಅಂದ್ರೆ ಆಗ ನಮ್ಮ 650 ರೂಪಾಯಿ. ಮನೆ ನಡೆಸೋ ಯಾವ ಹೆಂಗಸನ್ನಾದ್ರೂ ಕೇಳಿ, ಒಬ್ರ ಒಂದು ತಿಂಗಳ ಅಕ್ಕಿ ಬೇಳೆ ಎಣ್ಣೆ ಉಪ್ಪು ಅದ್ರಲ್ಲಿ ಆಗುತ್ತಾ ಅಂತ. ಆಮೇಲೆ ಸ್ವಲ್ಪ ಏರಿಸಿದ್ರು, ಆದ್ರೆ 2025ರಲ್ಲಿ ಮತ್ತೆ ದುಡ್ಡು ಕಟ್ಟಾಗಿ ಮಕ್ಕಳ ಕಲಿಕಾ ಕೇಂದ್ರಗಳನ್ನೇ ಮುಚ್ಚೋ ಪರಿಸ್ಥಿತಿ ಬಂತು. ಇರೋಕಾಗಲ್ಲ ಅಂತ ಜನ ದೋಣಿ ಹತ್ತುತಾರೆ. 2025ರ ಮೇ ತಿಂಗಳಲ್ಲಿ ಎರಡು ದೋಣಿ ಮುಳುಗಿ 427 ಜನ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಏಜೆನ್ಸಿ ಹೇಳ್ತು. ನಮ್ಮ ಪೇಪರಲ್ಲಿ ಅದು ಒಂದು ಸಣ್ಣ ಕಾಲಂ ಸುದ್ದಿ, ನಾನು ಹುಡುಕಿ ಓದಬೇಕಾಯ್ತು.

ವಾಪಸ್ ಹೋಗ್ಲಿ ಅಂತೀರ. ಅವರೂ ಅದನ್ನೇ ಅಂತಾರೆ. 2018ರ ನವೆಂಬರ್‌ನಲ್ಲಿ ಒಂದ್ಸಲ, 2019ರ ಆಗಸ್ಟ್‌ನಲ್ಲಿ ಒಂದ್ಸಲ ವಾಪಸ್ ಕಳ್ಸೋಕೆ ದಿನ ನಿಗದಿ ಮಾಡಿ ಬಸ್ಸು ತಂದು ನಿಲ್ಸಿದ್ರು, ಒಬ್ರೂ ಹತ್ತಲಿಲ್ಲ. ನಮಗೆ ಪೌರತ್ವ ಕೊಡಿ, ನಮ್ಮ ಜಮೀನು ಕೊಡಿ, ನಡ್ಕೊಂಡೇ ಹೋಗ್ತೀವಿ ಅಂದ್ರು. ಬರ್ಮಾದೋರು ಕೊಡ್ತೀವಿ ಅಂದಿದ್ದು ಪರಿಶೀಲನಾ ಕಾರ್ಡು, ಅದನ್ನ ತಗೊಂಡ್ರೆ ನಾವು ಹೊರಗಿನೋರು ಅಂತ ನಾವೇ ಒಪ್ಕೊಂಡ ಹಾಗೆ ಅಂತ ಅವರ ಭಯ. 2021ರ ಫೆಬ್ರವರಿಲಿ ಮತ್ತೆ ಸೈನ್ಯ ಪೂರ್ತಿ ಅಧಿಕಾರ ಹಿಡೀತು. 2024ರಲ್ಲಂತೂ ಎರಡೂ ಕಡೆಯಿಂದ ಹೊಡೆತ. ಪೌರರಲ್ಲ ಅಂತ ಹೇಳಿದ ಅದೇ ಸೈನ್ಯ ಅವರ ಹುಡುಗರನ್ನ ಬಲವಂತವಾಗಿ ಸೈನ್ಯಕ್ಕೆ ಎಳ್ಕೊಂಡು ಹೋಯ್ತು, ಆ ಕಡೆ ಅರಕಾನ್ ಆರ್ಮಿ ಅನ್ನೋ ರಖೈನ್ ಸಶಸ್ತ್ರ ಪಡೆ ಸೈನ್ಯವನ್ನ ಸೋಲಿಸ್ತಾ ಬಂತು, ಮೇ ತಿಂಗಳಲ್ಲಿ ಬುಥಿಡಾಂಗ್ ಉರಿದುಹೋಯ್ತು, ಆಗಸ್ಟ್ 5ರಂದು ನಾಫ್ ದಂಡೆಲಿ ದೋಣಿಗೆ ಕಾಯ್ತಿದ್ದ ಜನದ ಮೇಲೆ ಡ್ರೋನ್ ಬಾಂಬ್ ಬಿತ್ತು. ಗಾಡಿಯೋರ ಅಕ್ಕ ಆ ಸುತ್ತಮುತ್ತಲ ಊರಲ್ಲಿದ್ರಂತೆ. ಅದಾದ್ಮೇಲೆ ಫೋನ್ ಇಲ್ಲ.

ಈಗ ನಿಮ್ಮ ವಿಷಯಕ್ಕೆ, ಅಂದ್ರೆ ನಮ್ಮ ವಿಷಯಕ್ಕೆ ಬರ್ತೀನಿ.

2017ರಲ್ಲಿ ನಮ್ಮ ಸರ್ಕಾರ ಬಾಂಗ್ಲಾದೇಶದ ಕ್ಯಾಂಪುಗಳಿಗೆ 'ಆಪರೇಷನ್ ಇನ್ಸಾನಿಯತ್' ಅಂತ ಹೆಸರಿಟ್ಟು ವಿಮಾನದಲ್ಲಿ ಅಕ್ಕಿ ಬೇಳೆ ಕಳಿಸ್ತು, ಆಮೇಲೆ ರಖೈನ್‌ನಲ್ಲಿ 250 ಮನೆನೂ ಕಟ್ಟಿಸಿಕೊಡ್ತು. ಒಳ್ಳೇ ಕೆಲಸ, ಮನಸಾರೆ ಹೇಳ್ತೀನಿ. ಆದ್ರೆ ಆ ಹೇಳಿಕೆಗಳನ್ನ ತೆಗೆದು ನೋಡಿ, ವಿದೇಶಾಂಗ ಇಲಾಖೆಯೋರು 'ರಖೈನ್‌ನಿಂದ ಸ್ಥಳಾಂತರಗೊಂಡ ಜನರು' ಅಂತಲೇ ಬರ್ಕೊಂಡು ಹೋಗ್ತಾರೆ. ನಮ್ಮಲ್ಲಿ ಆ ಹೆಸರು ಜೋರಾಗಿ ಕೇಳ್ಸೋದು ಗಡಿಪಾರಿನ ಮಾತು ಬಂದಾಗ. ಆ ಹೆಸರು ಅಂದ್ರೆ ದೊಡ್ಡೋರಿಗೂ ಹೆದ್ರಿಕೆ ಅಂತ ಕಾಣ್ಸುತ್ತೆ. ಬರ್ಮಾದಲ್ಲಿ ಪ್ರಜಾಪ್ರಭುತ್ವಕ್ಕಾಗಿ ಹೋರಾಡಿದ ಆಂಗ್ ಸಾನ್ ಸೂ ಚಿ ಅವರ ಬಗ್ಗೆ ನಾನೇ ಕ್ಲಾಸಲ್ಲಿ ಹೆಮ್ಮೆಯಿಂದ ಪಾಠ ಮಾಡಿದ್ದೆ, 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನಿಂತು ಸೈನ್ಯದ ಪರ ಮಾತಾಡಿದ್ರು, ಆ ಉಗ್ರರ ಗುಂಪಿನ ಹೆಸರು ಹೇಳೋವಾಗ ಬಿಟ್ರೆ ರೋಹಿಂಗ್ಯಾ ಅನ್ನೋ ಪದ ಬಾಯಿಗೆ ತರಲಿಲ್ಲ. ಪೋಪ್ ಫ್ರಾನ್ಸಿಸ್ ಕೂಡ 2017ರಲ್ಲಿ ಬರ್ಮಾದ ನೆಲದಲ್ಲಿ ಆ ಪದ ಹೇಳದೆ, ಢಾಕಾಕ್ಕೆ ಬಂದು ಆ ಜನರ ಕೈ ಹಿಡಿದಾಗ ಹೇಳಿದ್ರು. ಹೇಗ್‌ನ ಆ ಕೋರ್ಟಲ್ಲಿ ರೋಹಿಂಗ್ಯಾಗಳ ಪರವಾಗಿ ಕೇಸ್ ಹಾಕಿದ್ದು ಆಫ್ರಿಕಾದ ಗ್ಯಾಂಬಿಯಾ ಅನ್ನೋ ಪುಟ್ಟ ದೇಶ. 2020ರ ಜನವರಿ 23ಕ್ಕೆ ಕೋರ್ಟು ರೋಹಿಂಗ್ಯಾ ಅಂತ ಹೆಸರು ಹಿಡಿದೇ, ಈ ಜನರನ್ನ ನರಮೇಧದಿಂದ ಕಾಪಾಡ್ಬೇಕು ಅಂತ ಮಧ್ಯಂತರ ಆದೇಶ ಕೊಡ್ತು.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ನಮ್ದೇ ಕಾನೂನೂ ಇಲ್ಲ. ಹಾಗಾಗಿ ಬಂದೋರ ಹಣೆಬರಹ ಆಯಾ ಸರ್ಕಾರದ ಮನಸ್ಸಿಗೆ ಬಿಟ್ಟಿದ್ದು. ಕರ್ನಾಟಕದೋರಿಗೆ ಇದನ್ನ ನಾನು ವಿವರಿಸೋದೇ ಬೇಡ, ಆಗಿನ ಮೈಸೂರು ಸರ್ಕಾರ ಟಿಬೆಟ್‌ನಿಂದ ಬಂದೋರಿಗೆ ಬೈಲಕುಪ್ಪೆಲಿ ಸುಮಾರು 3,000 ಎಕರೆ ಜಾಗ ಕೊಡ್ತು, ಆಮೇಲೆ ಮುಂಡಗೋಡು, ಕೊಳ್ಳೇಗಾಲದ ಕಡೆ, ಹುಣಸೂರು. ಸಿಂಧನೂರಿನ ಆರ್‌.ಹೆಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ಅರ್ಧ ಶತಮಾನದಿಂದ ಭತ್ತ ಬೆಳ್ಕೊಂಡಿದಾರೆ. ಮಾಡ್ಬೇಕು ಅಂದ್ರೆ ಮಾಡೋಕೆ ಬರುತ್ತೆ ಅಂತ ನಮ್ಮ ರಾಜ್ಯವೇ ತೋರಿಸಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನ ಇದೆ, ಬರ್ಮಾ ಇಲ್ಲ. ನನಗೆ ಅರ್ಥ ಆಗ್ದೇ ಇರೋದು ಇದೇ, ಬರ್ಮಾನೂ ನಮ್ಮ ಗಡಿ ದೇಶವೇ ತಾನೆ, ಅಲ್ಲಿ ಧರ್ಮದ ಕಾರಣಕ್ಕೆ ಮನೆ ಸುಟ್ಟೋರೂ ಸಂತ್ರಸ್ತರೇ ತಾನೆ.

ಸರ್ಕಾರದ ಲೆಕ್ಕದಲ್ಲೇ 2017ರಲ್ಲಿ ಇಡೀ ದೇಶದಲ್ಲಿ ಇದ್ದೋರು ಸುಮಾರು 40,000. ಜಮ್ಮು, ಹೈದರಾಬಾದ್, ದೆಹಲಿ, ಹರಿಯಾಣದ ನೂಹ್, ಹೀಗೆ. ಬೆಂಗಳೂರಲ್ಲಿ ಎಷ್ಟು ಗೊತ್ತಾ? 2021ರಲ್ಲಿ ನಮ್ಮ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಅಫಿಡವಿಟ್‌ನಲ್ಲಿ ಗುರುತಿಸಿದ್ದು 72 ಜನ. ಟಿವಿ ನೋಡಿದ್ರೆ ನಗರಾನೇ ತುಂಬಿಬಿಟ್ಟಿದಾರೆ ಅನ್ಸುತ್ತೆ. ತಕ್ಷಣಕ್ಕೆ ಗಡಿಪಾರು ಮಾಡೋ ಯೋಚನೆ ಇಲ್ಲ ಅಂತ ಮೊದಲು ಬರೆದಿದ್ರು, ಗಲಾಟೆ ಆದ ಕೂಡ್ಲೇ ಅಫಿಡವಿಟ್ ಬದಲಾಯಿಸಿದ್ರು.

ಸುಪ್ರೀಂ ಕೋರ್ಟು 2021ರ ಏಪ್ರಿಲ್ 8ರ ಆದೇಶದಲ್ಲಿ, ಸಂವಿಧಾನದ 14 ಮತ್ತು 21ನೇ ವಿಧಿ ಪೌರರಲ್ದೋರಿಗೂ ಅನ್ವಯ ಆಗುತ್ತೆ ಅಂತ ಹೇಳ್ತು, ಆದ್ರೆ ಗಡಿಪಾರು ಆಗದೇ ಇರೋ ಹಕ್ಕು ಪೌರರದ್ದು ಮಾತ್ರ, ಕ್ರಮ ಪ್ರಕಾರ ಆದ್ರೆ ಕಳಿಸ್ಬಹುದು ಅಂತಲೂ ಹೇಳ್ತು. ಕೋರ್ಟಿನ ಮೇಲೆ ನನಗೆ ಗೌರವ ಇದೆ, ಆದ್ರೂ ಕೇಳ್ತೀನಿ, ಜೀವದ ಹಕ್ಕು ಇದೆ ಅಂತ ಹೇಳಿ ಜೀವ ತೆಗೆಯೋ ಕಡೆಗೆ ಕಳಿಸಿದ್ರೆ ಆ ಹಕ್ಕು ಎಲ್ಲಿ ಉಳೀತು? 2025ರ ಮೇನಲ್ಲಿ ದೆಹಲಿಯಿಂದ ಹಿಡ್ಕೊಂಡು ಹೋದ ಸುಮಾರು ನಲವತ್ತು ಜನಕ್ಕೆ ಲೈಫ್ ಜಾಕೆಟ್ ಕೊಟ್ಟು ಬರ್ಮಾ ತೀರದ ಹತ್ರ ಸಮುದ್ರಕ್ಕಿಳಿಸಿದ್ರು ಅಂತ ಆರೋಪ ಬಂತು. ವಿಶ್ವಸಂಸ್ಥೆಯ ತಜ್ಞರು ತನಿಖೆ ಮಾಡ್ತೀವಿ ಅಂದ್ರು, ನಮ್ಮ ಕೋರ್ಟು ಅದನ್ನ ನಂಬಲಿಲ್ಲ. ಸುಳ್ಳೇ ಆಗಿದ್ರೆ ಒಳ್ಳೇದೇ, ಆದ್ರೆ ಆ ಜನ ಈಗ ಎಲ್ಲಿದಾರೆ ಅಂತ ನೀವೊಬ್ರಾದ್ರೂ ಸದನದಲ್ಲಿ ಕೇಳಿ.

ಭದ್ರತೆ ಅಂತೀರ. ತಪ್ಪು ಮಾಡಿದೋರ ಮೇಲೆ ಕೇಸ್ ಹಾಕಿ, ಒಳಗೆ ಹಾಕಿ, ಬೇಡ ಅಂದೋರು ಯಾರು. ಒಬ್ಬ ಕಳ್ಳ ಅಂತ ಊರಿಗೂರೇ ಗಡಿಪಾರು ಮಾಡೋ ಪದ್ಧತಿ ನಮ್ಮಲ್ಲಿ ಇಲ್ಲ. ನಮ್ಮ ಬಡವರಿಗೇ ಇಲ್ಲ ಅಂತೀರ, ಅವರು ಕೇಳ್ತಿರೋದು ಸೈಟಲ್ಲ, ಪೆನ್ಷನ್ ಅಲ್ಲ. ರಾತ್ರಿ ಪೊಲೀಸ್ ಜೀಪ್ ಶಬ್ದಕ್ಕೆ ಎದ್ದು ಕೂರದೆ ಮಲಗೋದು, ಮಕ್ಕಳು ಶಾಲೆಗೆ ಹೋಗೋದು, ಅಷ್ಟೇ. ಆ ಮಕ್ಕಳು ಸರ್ಕಾರಿ ಶಾಲೆಗೆ ಸೇರೋಕೆ ಅರ್ಜಿ ಹಾಕ್ಬಹುದು ಅಂತ ಸುಪ್ರೀಂ ಕೋರ್ಟೇ 2025ರ ಫೆಬ್ರವರಿಲಿ ಹೇಳಿದೆ. ನನ್ನ ಕೇಳಿದ್ರೆ ನಾಳೆನೇ ಕೂರಿಸಿ ಅಆಇಈ ಹೇಳ್ಕೊಡ್ತೀನಿ.

ಮುಂದಿನ ಅಧಿವೇಶನದಲ್ಲಿ ಸರ್ಕಾರವನ್ನ ಕೇಳಿ: ಬರ್ಮಾದಲ್ಲಿ 1982ರ ಕಾನೂನು ಬದಲಾಗಿ ಪೌರತ್ವ ಸಿಗೋವರೆಗೂ ಒಬ್ಬ ರೋಹಿಂಗ್ಯಾನನ್ನೂ ಅಲ್ಲಿಗೆ ಕಳಿಸಲ್ಲ ಅಂತ ಮಾತು ಕೊಡ್ತೀರಾ? ಅಲ್ಲಿನೋರ ಜೊತೆ ಬಂದರು, ರಸ್ತೆ ಬಗ್ಗೆ ಮಾತಾಡೋವಾಗ ಪೌರತ್ವದ ಮಾತೂ ಎತ್ತುತೀರಾ? ನಿರಾಶ್ರಿತರಿಗೆ ಅಂತ ಒಂದು ಕಾನೂನು ತರ್ತೀರಾ? ಕೇಳೋವಾಗ ಸುತ್ತಿ ಬಳಸಿ ಹೇಳ್ಬೇಡಿ, ರೋಹಿಂಗ್ಯಾ ಅಂತಲೇ ಹೇಳಿ, ಉತ್ತರದಲ್ಲೂ ಆ ಪದವೇ ಬರೋ ಹಾಗೆ ಮಾಡಿ.

ಈ ಪತ್ರ ಬರೀತೀನಿ ಅಂತ ಗಾಡಿಯೋರಿಗೆ ಮೊದಲೇ ಹೇಳಿದ್ದೆ. ತುಂಬಾ ಹೊತ್ತು ಸುಮ್ನಿದ್ದು, ಬರೀರಿ ಅಮ್ಮಾ ಆದ್ರೆ ನನ್ನ ಹೆಸರು, ಹೆಂಡತಿ ಹೆಸರು, ನಾವಿರೋ ಏರಿಯಾ ಹೆಸರು ಎಲ್ಲೂ ಬರೀಬೇಡಿ ಅಂದ್ರು. ಬರೆದಿಲ್ಲ. ಸೋಮವಾರ ಅವರು ಬರ್ತಾರೆ, ಪ್ರಿಂಟ್ ತೆಗೆದಿಟ್ಟಿದೀನಿ, ಒಂದೊಂದೇ ಸಾಲು ಬೆರಳಿಟ್ಟು ಓದಿ ಹೇಳ್ಬೇಕು ಅಂತಿದೀನಿ, ಎಲ್ಲೂ ಇಲ್ಲ ಅಂತ ಅವರಿಗೇ ಖಾತ್ರಿ ಆಗ್ಲಿ ಅಂತ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ಬೆಂಗಳೂರು